ಅರವತ್ತೆರಡಕ್ಕೆ ಅಂಟಿಕೊಂಡ ಮುಳ್ಳು

ಸ್ಥಳ: ಮಾನ್ವಿ
ದಿನಾಂಕ: 20-01-2026, ಮಂಗಳವಾರ

ಇಂದ,
ಮೌಲಾಹುಸೇನ ತಂದೆ ಖಾಜಾಹುಸೇನ, ವಯಸ್ಸು 51,
ಕ್ರೇನ್ ಚಾಲಕ (ಇದೇ ತಿಂಗಳ ಹದಿಮೂರರ ಮಧ್ಯಾಹ್ನದವರೆಗೆ),
ಮಾನ್ವಿ.

ಗೆ,
ಮಾನ್ಯ ವ್ಯವಸ್ಥಾಪಕರು,
ಕಂಪನಿಯ ಜಿಲ್ಲಾ ಕಚೇರಿ,
ರಾಯಚೂರು.

ವಿಷಯ: ನನ್ನನ್ನು ತಪ್ಪು ಕಾರಣಕ್ಕೆ ಅಮಾನತು ಮಾಡಿರುವುದನ್ನು ರದ್ದುಪಡಿಸಿ, ಸರಿಯಾದ ಕಾರಣಕ್ಕೆ ಅಮಾನತು ಮಾಡುವಂತೆ ಕೋರಿ.

ಉಲ್ಲೇಖ:
1) ತಮ್ಮ ಮೆಮೊ, ದಿನಾಂಕ 13-01-2026.
2) ಸೈಟ್ ಸೂಪರ್‌ವೈಸರ್ ವಿರೂಪಣ್ಣ ಅವರು ನನ್ನ ಮೇಲೆ ಕೊಟ್ಟ ದೂರು, ದಿನಾಂಕ 12-01-2026.
3) ಕ್ರೇನಿನ ತಪಾಸಣಾ ಪ್ರಮಾಣಪತ್ರ, ನವೆಂಬರ್ 2025.
4) ಹಳದಿ ಬಣ್ಣದ ಡಬ್ಬಿ, ಒಂದು ಲೀಟರಿನದು. (ಇದರ ವಿವರ ಎಂಟನೇ ಅಂಶದಲ್ಲಿದೆ. ದಯವಿಟ್ಟು ಮೊದಲೇ ಅಲ್ಲಿಗೆ ಹಾರಬಾರದು.)

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿ ನಾನು, ಅಂದರೆ ಸದರಿ ಚಾಲಕ, ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ‘ಸದರಿ’ ಎಂಬ ಪದವನ್ನು ನಾನು ತಮ್ಮ ಮೆಮೊದಿಂದಲೇ ಕಲಿತೆ. ಅರ್ಧ ಪುಟದಲ್ಲಿ ಅದು ಹನ್ನೊಂದು ಸಲ ಬಂದಿದೆ. ಓದುತ್ತಾ ಓದುತ್ತಾ ನನಗೇ ನನ್ನ ಮೇಲೆ ಒಂದು ಬಗೆಯ ಗೌರವ ಹುಟ್ಟಿತು. ಈ ಅರ್ಜಿಯ ಕೈಬರಹ ನನ್ನ ಮಗಳು ಜಬೀನಳದು, ಒಂಬತ್ತನೇ ತರಗತಿ, ಮಾತು ನನ್ನದು. ನಾನು ಸಿಟ್ಟಿನಲ್ಲಿ ಹೇಳಿದ ಕೆಲವು ಮಾತುಗಳನ್ನು ಬರೆಯಲು ಆಕೆ ಒಪ್ಪಲಿಲ್ಲ. ಆದ್ದರಿಂದ ಅವುಗಳನ್ನು ಖುದ್ದು ಭೇಟಿಯಲ್ಲಿ ತಿಳಿಸಲಾಗುವುದು.

1. ತಾವು ಕ್ರೇನನ್ನು ಹೆಚ್ಚಾಗಿ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ. ಆದ್ದರಿಂದ ಮೊದಲು ಮುಳ್ಳಿನ ಪರಿಚಯ. ಕ್ರೇನಿನ ಉದ್ದನೆಯ ತೋಳಿಗೆ ಬೂಮು ಎನ್ನುತ್ತೇವೆ. ಅದರ ಬುಡದಲ್ಲಿ, ಚಾಲಕನ ಕಿಟಕಿಗೆ ಕಾಣುವ ಹಾಗೆ, ಅರ್ಧಚಂದ್ರದ ಆಕಾರದ ಒಂದು ತಗಡು ಕೂರಿಸಿದ್ದಾರೆ. ತಗಡಿನ ಮೇಲೆ ಸೊನ್ನೆಯಿಂದ ತೊಂಬತ್ತರವರೆಗೆ ಡಿಗ್ರಿಗಳು. ನಡುವೆ ಒಂದು ಮೊಳೆ, ಮೊಳೆಗೆ ತೂಗುಬಿದ್ದ ಒಂದು ಕಬ್ಬಿಣದ ಮುಳ್ಳು. ಬೂಮು ಎದ್ದರೆ ತಗಡೂ ಅದರ ಜೊತೆ ವಾಲುತ್ತದೆ, ಮುಳ್ಳು ಮಾತ್ರ ತನ್ನ ಭಾರಕ್ಕೆ ತಾನು ನೆಲದ ಕಡೆಗೇ ತೂಗುತ್ತದೆ. ಅದು ಯಾವ ಅಂಕಿಯ ಮೇಲೆ ನಿಲ್ಲುತ್ತದೋ ಅದೇ ಬೂಮಿನ ಕೋನ. ಇದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ, ಭತ್ಯೆ ಬೇಡ. ತೂಗಾಡುವುದೊಂದೇ ಇದರ ಕೆಲಸ.

2. ಬೂಮು ನೆಟ್ಟಗಿದ್ದಷ್ಟೂ ಹೆಚ್ಚು ಭಾರ ಎತ್ತಬಹುದು. ಕೆಳಗೆ ವಾಲಿದಷ್ಟೂ ಭಾರ ಕ್ರೇನಿನಿಂದ ದೂರ ಹೋಗುತ್ತದೆ, ಕ್ರೇನಿನ ತಾಕತ್ತು ಇಳಿಯುತ್ತದೆ. ಕ್ಯಾಬಿನ್ನಿನಲ್ಲಿ ಅಂಟಿಸಿರುವ ಲೋಡ್ ಚಾರ್ಟಿನ ಪ್ರಕಾರ ನಮ್ಮ ಕ್ರೇನು ಅರವತ್ತೆರಡು ಡಿಗ್ರಿಯಲ್ಲಿ ಆರೂವರೆ ಟನ್ ಎತ್ತಬಲ್ಲದು. ನಲವತ್ನಾಲ್ಕರಲ್ಲಿ ಮೂರೇ ಟನ್. ಹಿರೇಕೊಟ್ನೆಕಲ್ ಹಳ್ಳದ ಸೇತುವೆಗೆ ನಾವು ಇಡಬೇಕಾದ ಒಂದೊಂದು ಸ್ಲ್ಯಾಬೂ ಐದು ಟನ್. ಮೂರು ಟನ್ ಎತ್ತುವ ಕಡೆ ಐದು ಟನ್ ಎತ್ತಿದರೆ ಅದರ ವ್ಯತ್ಯಾಸ ತಾಯಣ್ಣನ ಮೇಲೆ ಬೀಳುತ್ತದೆ.

ತಾಯಣ್ಣ ಎಂದರೆ ಹದಿನಾಲ್ಕು ವರ್ಷದಿಂದ ನನ್ನ ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುವವನು. ಸ್ಲ್ಯಾಬು ಇಳಿಯುವಾಗ ಅದರ ಮೂಲೆ ಹಿಡಿದು ಜಾಗಕ್ಕೆ ಕೂರಿಸುವವನೂ ಅವನೇ. ಕ್ರೇನು ಮಗುಚಿದರೆ ನಾನು ಕ್ಯಾಬಿನ್ನಿನಿಂದ ಹೇಗೋ ಜಿಗಿದೇನು. ಅವನು ಎಲ್ಲಿಗೆ ಜಿಗಿಯಬೇಕು ಎಂಬುದು ಯಾವ ಚಾರ್ಟಿನಲ್ಲೂ ಇಲ್ಲ.

3. ಉಲ್ಲೇಖ ಮೂರರ ಪ್ರಮಾಣಪತ್ರದ ಬಗ್ಗೆ. ಕಳೆದ ನವೆಂಬರಿನಲ್ಲಿ ಕ್ರೇನು ದೇವದುರ್ಗ ಸೈಟಿನಲ್ಲಿದ್ದಾಗ ತಪಾಸಣೆಯವರು ಬಂದರು. ಕುರ್ಚಿ ಹಾಕಿಸಿದೆವು, ಬಿಸಿ ಮಿರ್ಚಿ ಭಜಿ ತರಿಸಿದೆವು. ಅವರು ಕುರ್ಚಿಯಿಂದಲೇ ಮುಳ್ಳನ್ನು ನೋಡಿ ಬಹಳ ಮೆಚ್ಚಿಕೊಂಡರು.

“ಬ್ಯಾರೆ ಸೈಟಿನ್ಯಾಗ ನೋಡ್ರಿ, ಚೂರು ಗಾಳಿ ಬಂದ್ರ ಸಾಕು ಮುಳ್ಳು ಗಡಗಡ ನಡಗತದ. ನಿಮ್ದು ನೋಡ್ರಿ, ಎಷ್ಟ ಗಟ್ಟಿ ನಿಂತದ!” ಎಂದರು.

ಬೂಮನ್ನು ಒಮ್ಮೆ ಎತ್ತಿ ಇಳಿಸಿ ನೋಡಲು ಎರಡು ನಿಮಿಷ ಬೇಕಿತ್ತು. ಭಜಿ ಆರಿ ಹೋಗುತ್ತಿತ್ತು. ಆದ್ದರಿಂದ ಪ್ರಮಾಣಪತ್ರದಲ್ಲಿ ‘ಕೋನಸೂಚಕ: ಅತ್ಯಂತ ಸ್ಥಿರ. ಉತ್ತಮ’ ಎಂದು ಬರೆದು, ಮುಳ್ಳಿಗೂ ತಗಡಿಗೂ ಸೇರಿಸಿ ‘ತಪಾಸಣೆಯಾಗಿದೆ, ಮುಟ್ಟಬಾರದು’ ಎಂಬ ಸ್ಟಿಕರನ್ನು ನನ್ನ ಕೈಯಿಂದಲೇ ಹಚ್ಚಿಸಿ ಹೋದರು. ನಾನೂ ಹೆಮ್ಮೆಯಿಂದಲೇ ಅಂಟಿಸಿದೆ.

4. ಇದೇ ತಿಂಗಳ ಹತ್ತನೇ ತಾರೀಖು ಶನಿವಾರ, ಹಿರೇಕೊಟ್ನೆಕಲ್ ಹಳ್ಳದಲ್ಲಿ ಮೊದಲನೇ ಸ್ಲ್ಯಾಬು. ಹಳ್ಳದ ದಂಡೆ ಎರೆಮಣ್ಣಿನದು, ಹತ್ತಿರ ಹೋದರೆ ಕ್ರೇನು ಹೂಳುತ್ತದೆ. ಆದ್ದರಿಂದ ಕ್ರೇನನ್ನು ಹಿಂದೆ ನಿಲ್ಲಿಸಿ ಬೂಮನ್ನು ವಾಲಿಸಿ ಮುಂದಕ್ಕೆ ಚಾಚಿದೆ. ಸ್ಲ್ಯಾಬು ನೆಲದಿಂದ ಒಂದು ಗೇಣು ಎದ್ದಿತ್ತೋ ಇಲ್ಲವೋ, ಕೆಳಗಿನಿಂದ ತಾಯಣ್ಣ ಕೂಗಿದ.

“ಮೌಲಣ್ಣಾ, ಇಳಸು, ಇಳಸು! ಹಿಂದಿನ ಜಾಕ್ ನೆಲ ಬಿಟ್ಟದ!”

ಇಳಿಸಿದೆ. ಕ್ರೇನು ಅಲುಗದ ಹಾಗೆ ನೆಲಕ್ಕೆ ಊರುವ ನಾಲ್ಕು ಕಾಲುಗಳಿಗೆ ಜಾಕ್ ಎನ್ನುತ್ತೇವೆ. ಮುಂದೆ ಭಾರ ಮಿತಿಮೀರಿದಾಗ ಮಾತ್ರ ಹಿಂದಿನದು ಮೇಲೇಳುತ್ತದೆ. ಎಷ್ಟು ಎದ್ದಿತ್ತು ಎಂದು ಕೇಳಿದ್ದಕ್ಕೆ ತಾಯಣ್ಣ ತನ್ನ ಚಪ್ಪಲಿ ಬಿಚ್ಚಿ ಅಡ್ಡಹಿಡಿದು ತೋರಿಸಿದ. ನಾನು ಮುಳ್ಳು ನೋಡಿದೆ: ಅರವತ್ತೆರಡು. ಚಾರ್ಟು ನೋಡಿದೆ: ಆರೂವರೆ ಟನ್. ಕಾಗದದ ಮೇಲೆ ನಾವೆಲ್ಲರೂ ಕ್ಷೇಮವಾಗಿದ್ದೆವು. ವಿರೂಪಣ್ಣ ಅವರು ತಪ್ಪನ್ನು ಮಣ್ಣಿನ ಮೇಲೆ ಹಾಕಿ, ಜಾಕಿನ ಕೆಳಗೆ ಹಲಗೆ ಹಾಕಲು ಹೇಳಿ, ಆ ದಿನದ ಕೆಲಸ ನಿಲ್ಲಿಸಿದರು.

ತಾಯಣ್ಣ ಮಾತ್ರ ಕದಲಲಿಲ್ಲ. “ಮೌಲಣ್ಣ, ನೀ ಮ್ಯಾಲ ಕುಂದರ್ತಿ, ನಾ ಕೆಳಗ ನಿಂದರ್ತೀನಿ. ನಮ್ಮಿಬ್ಬರ ನಡುವ ಇರೋದು ಆ ಮುಳ್ಳೊಂದ. ಅದು ಖರೇ ಹೇಳಾಕತ್ತದೇನು?” ಎಂದು ಕೇಳಿದ.

“ಸರ್ಟಿಫಿಕೇಟ್ ಅದಲ್ಲೋ” ಎಂದೆ. ಈ ಉತ್ತರಕ್ಕಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ.

5. ಮರುದಿನ ಭಾನುವಾರ. ಗ್ರೀಸು ಹಾಕಲೆಂದು ಬೂಮನ್ನು ಪೂರ್ತಿ ಮಲಗಿಸಿದೆ. ಮಲಗಿದ ಬೂಮಿನ ಕೋನ ಸೊನ್ನೆ. ಇದಕ್ಕೆ ತಪಾಸಣೆಯವರು ಬೇಕಿಲ್ಲ, ಯಾರನ್ನು ಕೇಳಿದರೂ ಹೇಳುತ್ತಾರೆ. ಮುಳ್ಳು ಅರವತ್ತೆರಡು ಎನ್ನುತ್ತಿತ್ತು. ಬೂಮು ಎತ್ತಿದೆ: ಅರವತ್ತೆರಡು. ಅರ್ಧಕ್ಕೆ ಇಳಿಸಿದೆ: ಅರವತ್ತೆರಡು. ಕೆಳಗಿಳಿದು ಒಂದು ಬೀಡಿ ಸೇದಿ ಮುಗಿಸಿ ಮತ್ತೆ ನೋಡಿದೆ. ಅರವತ್ತೆರಡೇ. ನಮ್ಮ ಕಂಪನಿಯಲ್ಲಿ ಇಷ್ಟು ನಿಷ್ಠೆಯಿಂದ ಒಂದೇ ಮಾತಿಗೆ ನಿಂತ ಇನ್ನೊಬ್ಬರನ್ನು ನಾನು ಕಂಡಿಲ್ಲ.

6. ಇನ್ನು ಮೆಮೊದಲ್ಲಿ ಹೇಳಿರುವ ‘ಸದರಿ ಅನಧಿಕೃತ ಶಾಲಾ ಸಾಮಗ್ರಿ’ಯ ವಿಚಾರ. ಅದು ಕೋನಮಾಪಕ. ಮಕ್ಕಳು ಅದಕ್ಕೆ ‘ಡಿ’ ಎನ್ನುತ್ತಾರೆ. ಆ ಭಾನುವಾರ ನನಗೆ ಬುತ್ತಿ ತಂದಿದ್ದ ಜಬೀನಳ ಕಂಪಾಸ್ ಬಾಕ್ಸಿನಿಂದ ಅದನ್ನು ಪಡೆಯಲಾಯಿತು. ಅದರ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ಕಟ್ಟಿದೆ. ಬೂಮನ್ನು ಶನಿವಾರ ಇದ್ದ ಜಾಗಕ್ಕೇ ಚಾಚಿ, ಡಿಯ ನೇರ ಅಂಚನ್ನು ಬೂಮಿಗೆ ಒತ್ತಿ ಹಿಡಿದೆ. ದಾರ ನಲವತ್ತಾರರ ಮೇಲೆ ನಿಂತಿತು.

“ನಲವತ್ತಾರು” ಎಂದೆ.

“ಅಲ್ಲ ಅಬ್ಬಾ, ತೊಂಬತ್ತರಾಗ ಅದನ್ನ ಕಳೀಬೇಕು. ನಲವತ್ನಾಕು” ಎಂದಳು ಜಬೀನ್. ಇಪ್ಪತ್ತಾರು ವರ್ಷ ಕ್ರೇನು ಓಡಿಸಿದವನ ಲೆಕ್ಕವನ್ನು ತಿದ್ದಿದ್ದಕ್ಕೆ ಅವಳ ಮುಖದ ಮೇಲೆ ಒಂದು ಸಣ್ಣ ನಗುವೂ ಇತ್ತು. ತಾಯಣ್ಣ ನಗಲಿಲ್ಲ. ಅವನು ಟೇಪು ತಂದು, ಕ್ರೇನಿನ ನಡುವಿನಿಂದ ಹುಕ್ಕು ತೂಗುತ್ತಿದ್ದ ಜಾಗದವರೆಗೆ ನೆಲದ ಮೇಲೆ ಅಳೆದ. ಅರವತ್ತೆರಡಕ್ಕೆ ಚಾರ್ಟಿನಲ್ಲಿರುವುದು ಏಳು ಮೀಟರು. ಟೇಪಿನಲ್ಲಿ ಬಂದದ್ದು ಹೆಚ್ಚುಕಡಿಮೆ ಹನ್ನೊಂದು. ಡಿಯೂ ಟೇಪೂ ಒಂದೇ ಮಾತು ಹೇಳಿದವು. ಅವೆರಡಕ್ಕೂ ಪರಸ್ಪರ ಪರಿಚಯವಿರಲಿಲ್ಲ ಎಂಬುದನ್ನು ಇಲ್ಲಿ ನಮೂದಿಸುತ್ತೇನೆ.

7. ಸೋಮವಾರ ಬೆಳಿಗ್ಗೆ ಸ್ಲ್ಯಾಬು ಎತ್ತುವುದಿಲ್ಲ ಎಂದು ವಿರೂಪಣ್ಣ ಅವರಿಗೆ ತಿಳಿಸಿದೆ. ನಮ್ಮ ನಡುವೆ ನಡೆದ ಮಾತುಕತೆ ಅವರ ದೂರಿನಲ್ಲಿ ‘ಅಸಭ್ಯ ವರ್ತನೆ’ ಎಂದು ಎರಡೇ ಪದಗಳಲ್ಲಿ ಬಂದಿರುವುದರಿಂದ, ವಿವರ ಇಂತಿದೆ.

“ಮುಳ್ಳು ಅರವತ್ತೆರಡು ಅನ್ನಾಕತ್ತದ, ಸರ್ಟಿಫಿಕೇಟ್ ಉತ್ತಮ ಅನ್ನಾಕತ್ತದ. ನೀ ಒಬ್ಬಾವ ಸಾಲಿ ಹುಡುಗರ ಡಿ ಹಿಡ್ಕೊಂಡು ಇಲ್ಲ ಅನ್ನಾಕತ್ತಿ. ಮಂದಿ ಕೇಳಿದ್ರ ನಗ್ತಾರ ಮೌಲಾಸಾಬ್.”

“ನಗಲಿ ಬಿಡ್ರಿ. ಎರಡ ನಿಮಿಷ ಬರ್ರಿ, ಬೂಮ್ ಮಲಗಿಸಿ ತೋರಸ್ತೀನಿ.”

“ನಂಗೇನ್ ತೋರಸಬ್ಯಾಡ.”

“ಹಂಗಾರ ಆ ಸ್ಟಿಕರ್ ಕಿತ್ತಿ ಮುಳ್ಳು ಬಿಡಸ್ತೀನ್ರಿ. ಒಂದ ಚೂರಿ ಇದ್ರ ಸಾಕು.”

“ಸ್ಟಿಕರ್ ಕಿತ್ರ ಸರ್ಟಿಫಿಕೇಟ್ ಹೋಗ್ತದ. ಸರ್ಟಿಫಿಕೇಟ್ ಹೋದ್ರ ಕ್ರೇನ್ ನಿಂದರ್ತದ!”

“ಸರ್ಟಿಫಿಕೇಟ್ ಇದ್ರ ಕ್ರೇನ್ ಬೀಳ್ತದಲ್ರೀ!”

ಅಸಭ್ಯ ವರ್ತನೆ ಎಂದರೆ ಇದಿಷ್ಟೇ. ಕೊನೆಯ ಮಾತನ್ನು ನಾನು ಸ್ವಲ್ಪ ಜೋರಾಗಿ ಹೇಳಿದ್ದು ನಿಜ. ಮರುದಿನ ಮಧ್ಯಾಹ್ನ ತಮ್ಮ ಮೆಮೊ ಬಂತು: ‘ಸದರಿ ಉಪಕರಣವು ಸ್ಪಷ್ಟವಾಗಿ 62 ಡಿಗ್ರಿ ತೋರಿಸುತ್ತಿದ್ದಾಗ್ಯೂ, ಸದರಿ ಚಾಲಕರು ಸದರಿ ಉಪಕರಣದ ಮೇಲೆ ಅಪನಂಬಿಕೆ ವ್ಯಕ್ತಪಡಿಸಿ ಕಾಮಗಾರಿಗೆ ಅಡ್ಡಿಪಡಿಸಿದ ಕಾರಣ ಅಮಾನತು ಮಾಡಿದೆ.’

8. ಮಾನ್ಯರೇ, ಈಗ ಹಳದಿ ಬಣ್ಣದ ಡಬ್ಬಿಗೆ ಬರುತ್ತೇನೆ. ಇಲ್ಲಿಯವರೆಗೆ ಓದಿ ತಾವು ನಾನೊಬ್ಬ ಪ್ರಾಮಾಣಿಕ ಎಂದೂ, ವಿರೂಪಣ್ಣ ಒಬ್ಬ ಮೊಂಡ ಎಂದೂ ತಿಳಿದಿದ್ದರೆ ಎರಡನೆಯದನ್ನು ಹಾಗೆಯೇ ಇಟ್ಟುಕೊಳ್ಳಿ, ಮೊದಲನೆಯದನ್ನು ತಿದ್ದಿಕೊಳ್ಳಿ.

ಕಳೆದ ವರ್ಷ ದೇವದುರ್ಗದಲ್ಲಿ ಆಯುಧ ಪೂಜೆ. ನಮ್ಮಲ್ಲಿ ಪೂಜೆ ವಿರೂಪಣ್ಣ ಅವರದು, ಬಣ್ಣ ನನ್ನದು. ಎಷ್ಟೋ ವರ್ಷದಿಂದ ಇದೇ ಪದ್ಧತಿ, ಇದರಲ್ಲಿ ಯಾರಿಗೂ ತಕರಾರಿಲ್ಲ. ಹಿಂದಿನ ದಿನ ಸಂಜೆ ಕ್ರೇನು ತೊಳೆದು, ಹೊಸ ಡಬ್ಬಿ ಒಡೆದು, ಕ್ರೇನನ್ನು ಮದುಮಗಳ ಹಾಗೆ ಮಾಡಬೇಕೆಂಬ ಹುಮ್ಮಸ್ಸಿನಲ್ಲಿ ಬುಡದಿಂದ ತುದಿಯವರೆಗೆ ಹಳದಿ ಬಳಿದೆ. ಬ್ರಷ್ಷಿಗೆ ಎದುರಾದದ್ದನ್ನೆಲ್ಲ ಬಳಿದೆ. ತಗಡನ್ನು ಬಳಿದೆ, ಮುಳ್ಳನ್ನು ಬಳಿದೆ, ಮುಳ್ಳಿನ ಮೊಳೆಗೆ ಎರಡು ಸಲ ಬಳಿದೆ. ಆಮೇಲೆ ಕರಿ ಬಣ್ಣದಲ್ಲಿ ಡಿಗ್ರಿಯ ಅಂಕಿಗಳನ್ನು ಮತ್ತೆ ಚಂದವಾಗಿ ಬರೆದೆ. ದೂರದ ರಸ್ತೆಗೂ ಕಾಣಲಿ ಎಂದು, ಬಣ್ಣ ಇನ್ನೂ ಹಸಿ ಇರುವಾಗಲೇ, ಬೂಮನ್ನು ಎತ್ತಿ ನಿಲ್ಲಿಸಿ ಬಾವುಟ ಕಟ್ಟಿದೆ.

ಎಷ್ಟು ಎತ್ತಿದ್ದೆ ಎಂದು ತಾವು ಕೇಳುವುದಿಲ್ಲ ಎಂದುಕೊಂಡಿದ್ದೇನೆ.

ಬೆಳಗಾಗುವಷ್ಟರಲ್ಲಿ ಬಣ್ಣ ಒಣಗಿತು, ಮುಳ್ಳು ತಗಡಿಗೆ ಕಚ್ಚಿಕೊಂಡಿತು. ಪೂಜೆಯಾಯಿತು, ಮುಳ್ಳಿನ ಮೇಲೆಯೇ ಕುಂಕುಮ ಹಚ್ಚಿದರು. ಅಲ್ಲಿಂದ ಮೂರೂವರೆ ತಿಂಗಳು ನಾನು ಆ ಕ್ರೇನನ್ನು ಓಡಿಸಿದ್ದೇನೆ. ದೇವದುರ್ಗದಲ್ಲಿ ಎತ್ತಿದ್ದೆಲ್ಲ ಪೈಪು, ಕಬ್ಬಿಣದ ಕಂತೆ, ಹಗುರದ ಮಾಲು. ಆದ್ದರಿಂದ ಯಾರೂ ಸಾಯಲಿಲ್ಲ. ಯಾರೂ ಸಾಯದ ಕಾರಣ ಯಾರಿಗೂ ತಿಳಿಯಲಿಲ್ಲ.

9. ಮೂರೂವರೆ ತಿಂಗಳು ನಿನಗೇಕೆ ಕಾಣಲಿಲ್ಲ ಎಂದು ತಾವು ಕೇಳಬೇಕು. ಕಾರಣ, ನಾನು ಮುಳ್ಳನ್ನು ನೋಡುವವನೇ ಅಲ್ಲ. ನನಗೆ ಕೆಲಸ ಕಲಿಸಿದ ಸತ್ತಾರ್ ಸಾಬ್ ಎಂಬ ಉಸ್ತಾದರು ಹೆಬ್ಬೆರಳನ್ನು ಕಣ್ಣಿನ ಮುಂದೆ ಹಿಡಿದು ಬೂಮಿನ ಕೋನ ಹೇಳುತ್ತಿದ್ದರು. “ಮುಳ್ಳು ನೋಡೋದು ಹೊಸಬರ ಕೆಲಸ ಲೇ, ನಮ್ದೇನಿದ್ರೂ ಅಂದಾಜು” ಎನ್ನುತ್ತಿದ್ದರು. ನಾನೂ ಇಪ್ಪತ್ತಾರು ವರ್ಷ ಅಂದಾಜಿನಲ್ಲೇ ಓಡಿಸಿದೆ, ಅದರ ಬಗ್ಗೆ ಜಂಬವನ್ನೂ ಪಟ್ಟೆ. ಬೆಳಿಗ್ಗೆ ಬೂಮು ಮಲಗಿಸಿ ಸೊನ್ನೆ ಬರುತ್ತದೋ ನೋಡುವುದು, ಮುಳ್ಳನ್ನು ಬೆರಳಿನಿಂದ ತಟ್ಟಿ ತೂಗಾಡುತ್ತದೋ ನೋಡುವುದು, ಇವೆಲ್ಲ ಕ್ರೇನಿನ ಪುಸ್ತಕದಲ್ಲಿವೆ. ಒಂದು ದಿನವೂ ಮಾಡಲಿಲ್ಲ.

ಆ ಶನಿವಾರ ಬೂಮು ಚಾಚಿದಾಗ ನನ್ನ ಅಂದಾಜು ಐವತ್ತೈದು, ಐದು ಟನ್ನಿಗೆ ಸಾಕು ಎಂದಿತು. ಇದ್ದದ್ದು ನಲವತ್ನಾಲ್ಕು. ಮುಳ್ಳು ಸುಳ್ಳು ಹೇಳಿದ್ದು ಬಣ್ಣದಿಂದ, ನನ್ನ ಕಣ್ಣು ಸುಳ್ಳು ಹೇಳಿದ್ದು ವಯಸ್ಸಿನಿಂದ. ಕಳೆದ ವರ್ಷದಿಂದ ಬಲಗಣ್ಣು ಮೊದಲಿನ ಹಾಗಿಲ್ಲ. ಇದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಈ ವಾಕ್ಯ ಬರೆಯುವಾಗ ಜಬೀನ್ ಪೆನ್ನು ಕೆಳಗಿಟ್ಟು, ನನ್ನ ಎಡಗಣ್ಣು ಮುಚ್ಚಿ, ಎಷ್ಟು ಬೆರಳು ಎಂದು ಕೇಳಿದಳು. ಇದನ್ನು ಓದಿದ ಮೇಲೆ ತಾವು ನನ್ನನ್ನು ಮತ್ತೆ ಕ್ಯಾಬಿನ್ನಿಗೆ ಹತ್ತಿಸದಿರಬಹುದು ಎಂಬುದೂ ನನಗೆ ಗೊತ್ತು. ಭಯವಾಗುತ್ತದೆ. ಆದರೂ ಬರೆಸಿದ್ದೇನೆ.

10. ಹಾಗಿದ್ದ ಮೇಲೆ ಸುಮ್ಮನಿರದೆ ಈ ಅರ್ಜಿ ಏಕೆ? ಕಾರಣ, ನನ್ನ ಬದಲಿಗೆ ಬರುತ್ತಿರುವ ಮುಷರ್ರಫ್. ಅವನನ್ನು ದೇವದುರ್ಗ ಸೈಟಿನಿಂದ ತಾವೇ ಕರೆಸಿದ್ದೀರಿ. ನಾಡಿದ್ದು ಗುರುವಾರ, 22ನೇ ತಾರೀಖು, ಅದೇ ಕ್ರೇನಿನಿಂದ, ಅದೇ ದಂಡೆಯ ಮೇಲೆ, ಅದೇ ಐದು ಟನ್ನಿನ ಸ್ಲ್ಯಾಬು ಎತ್ತಬೇಕಾಗಿದೆ. ನಿನ್ನೆ ಅವನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಂಡ.

“ಚಾಚಾ, ನೀವು ಹೇಳೋದು ಖರೇ ಇರಬಹುದು. ಆದರ ಮೆಮೊದಾಗ ಏನ್ ಬರದಾರ? ಮುಳ್ಳು ನಂಬಲಿಲ್ಲ, ಅದಕ್ಕ ಅಮಾನತು ಅಂತ ಬರದಾರ. ನೋಟಿಸ್ ಬೋರ್ಡಿಗೆ ಹಚ್ಯಾರ್ರೀ ಅದನ್ನ. ನಾನೂ ನಂಬಂಗಿಲ್ಲ ಅಂದ್ರ ನಾಳಿ ನಂದೂ ಅಲ್ಲೇ ಹಚ್ಚತಾರ. ಮನ್ಯಾಗ ಮೂರು ತಿಂಗಳ ಕೂಸದ. ನಾ ಮುಳ್ಳ ನಂಬತೀನಿ ಚಾಚಾ.”

ತಾಯಣ್ಣನಿಗೂ ಹೇಳಿದೆ, ಗುರುವಾರ ಹೋಗಬೇಡ ಎಂದೆ. “ನಾ ಹೋಗಲಿಲ್ಲಂದ್ರ ಬ್ಯಾರೆ ಯಾವನರ ಅಲ್ಲಿ ನಿಂದರ್ತಾನ. ಅವಂಗ ಜಾಕ್ ಎದ್ದಿದ್ದು ಕಾಣತದೋ ಇಲ್ಲೋ” ಎಂದ. ಈ ಮಾತಿಗೆ ತಮ್ಮ ಬಳಿ ಉತ್ತರವಿದ್ದರೆ ಮರುಟಪಾಲಿನಲ್ಲಿ ತಿಳಿಸಬಹುದು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮತ್ತು ಸದರಿ ಕಾರಣಗಳು ಸದರಿ ಮುಳ್ಳಿನಷ್ಟು ಸ್ಥಿರವಾಗಿಲ್ಲದಿದ್ದರೂ ನಿಜವಾಗಿರುವ ಕಾರಣ, ತಾವು ದಯಮಾಡಿ:

(ಅ) ಮೆಮೊದಲ್ಲಿರುವ ಕಾರಣವನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಹೀಗೆ ಬರೆಯುವುದು: ‘ಸದರಿ ಚಾಲಕನು ಮುಳ್ಳಿಗೆ ಬಣ್ಣ ಬಳಿದು ಅಂಟಿಸಿದ್ದರಿಂದಲೂ, ಮೂರೂವರೆ ತಿಂಗಳು ಅದನ್ನು ಪರೀಕ್ಷಿಸದೆ ಕ್ರೇನು ಓಡಿಸಿದ್ದರಿಂದಲೂ ಅಮಾನತು ಮಾಡಿದೆ. ಸದರಿ ಮುಳ್ಳನ್ನು ಯಾರೂ ನಂಬತಕ್ಕದ್ದಲ್ಲ.’ ಇದನ್ನು ಗುರುವಾರ ಬೆಳಗಿನೊಳಗೆ ಅದೇ ನೋಟಿಸ್ ಬೋರ್ಡಿಗೆ ಹಚ್ಚುವುದು.

(ಆ) ಸ್ಟಿಕರ್ ಕೀಳಲು ಒಬ್ಬ ಅಧಿಕಾರಿಯನ್ನೂ, ಬಣ್ಣ ಕೆರೆಯಲು ಒಂದು ಚೂರಿಯನ್ನೂ ಮಂಜೂರು ಮಾಡುವುದು. ಎರಡರಲ್ಲಿ ಒಂದೇ ಸಿಗುವುದಾದರೆ ಚೂರಿ.

(ಇ) ಮೇಲಿನ ಎರಡೂ ಸಾಧ್ಯವಿಲ್ಲವಾದರೆ, ಗುರುವಾರ ತಾಯಣ್ಣ ನಿಲ್ಲುವ ಜಾಗದಲ್ಲಿ ಒಂದು ಕುರ್ಚಿ ಹಾಕಿಸಿ, ಪ್ರಮಾಣಪತ್ರಕ್ಕೆ ಸಹಿ ಹಾಕಿದವರನ್ನು ಕೂರಿಸುವುದು. ಭಜಿಯ ವ್ಯವಸ್ಥೆ ನನ್ನದು.

ಶಿಕ್ಷೆ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಬೇಕಿದ್ದರೆ ಇನ್ನೂ ಎರಡು ತಿಂಗಳು ಹೆಚ್ಚಿಸಿ, ಬೇಕಿದ್ದರೆ ಕೆಲಸದಿಂದಲೇ ತೆಗೆಯಿರಿ, ತಕರಾರು ಮಾಡುವುದಿಲ್ಲ. ಕಾರಣವನ್ನು ಮಾತ್ರ ಸರಿಯಾಗಿ ಬರೆಯಿರಿ. ಶಿಕ್ಷೆ ನನ್ನೊಬ್ಬನಿಗೆ ಸೇರಿದ್ದು. ಕಾರಣವನ್ನು ಮುಷರ್ರಫ್ ಓದುತ್ತಾನೆ.

ಇಂತು, ತಮ್ಮ ಮುಳ್ಳಿನ ಮೇಲೆ ಅಲ್ಲದಿದ್ದರೂ ತಮ್ಮ ಮೇಲೆ ಇನ್ನೂ ವಿಶ್ವಾಸವುಳ್ಳ,

(ಸಹಿ)
ಮೌಲಾಹುಸೇನ

ಅಡಕಗಳು:

1. ತಮ್ಮ ಮೆಮೊದ ಜೆರಾಕ್ಸ್ ಪ್ರತಿ, ಒಂದು.

2. ಮೊಬೈಲಿನಲ್ಲಿ ತೆಗೆದ ಫೋಟೊ, ಒಂದು. ಬೂಮು ಮಲಗಿದೆ, ಮುಳ್ಳು ಅರವತ್ತೆರಡು ತೋರಿಸುತ್ತಿದೆ. ಅಂಚಿನಲ್ಲಿ ಕಾಣುವ ಬೆರಳು ತಾಯಣ್ಣನದು.

3. ತಾಯಣ್ಣನ ಹೇಳಿಕೆ, ಅವನ ಮಾತಿನಲ್ಲೇ: “ನಾ ಕೆಳಗ ನಿಂದ್ರಾವ. ಜಾಕ್ ಎದ್ದಿದ್ದು ನಾ ನೋಡೀನಿ. ಮೌಲಣ್ಣ ಹೇಳಿದ್ದು ಖರೇ ಅದ.” ಸಹಿ ಇದೆ.

4. ಬಣ್ಣದ ಬ್ರಷ್, ಒಂದು. ಕೂದಲು ಗಟ್ಟಿಯಾಗಿದೆ. ನನ್ನ ಮೇಲಿನ ಹೊಸ ಆರೋಪಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳಬಹುದು.

5. ಕೋನಮಾಪಕ ಅಥವಾ ಡಿ, ಒಂದು, ದಾರ ಮತ್ತು ನಟ್ಟು ಸಮೇತ.

ಐದನೇ ಅಡಕದ ಬಗ್ಗೆ ವಿಶೇಷ ಸೂಚನೆ: ಇದು ನನ್ನ ಮಗಳ ಸ್ವತ್ತು. ಕೊಡುವಾಗ “ಅಬ್ಬಾ, ಗುಮಾವೋ ನಕ್ಕೋ” ಎಂದು ಎರಡು ಸಲ ಹೇಳಿದ್ದಾಳೆ, ಅಂದರೆ ಕಳೆಯಬಾರದು. ಗುರುವಾರ ಬೆಳಿಗ್ಗೆ ಸ್ಲ್ಯಾಬು ಎತ್ತುವ ಮೊದಲು ಇದನ್ನು ಮುಷರ್ರಫನ ಕೈಗೆ ಕೊಡಿಸುವುದು. ಓದಿದ ಅಂಕಿಯನ್ನು ತೊಂಬತ್ತರಲ್ಲಿ ಕಳೆಯಬೇಕು ಎಂದು ತಿಳಿಸುವುದು. ಶುಕ್ರವಾರ ಆಕೆಗೆ ಗಣಿತ ಪರೀಕ್ಷೆ ಇರುವುದರಿಂದ ಗುರುವಾರ ಸಂಜೆಯೇ ನಮ್ಮ ಮನೆಗೆ ಹಿಂದಿರುಗಿಸತಕ್ಕದ್ದು. ತಾಯಣ್ಣನೇ ತಂದು ಕೊಡಬೇಕು. ಬೇರೆ ಯಾರು ತಂದರೂ ಸ್ವೀಕರಿಸಲಾಗುವುದಿಲ್ಲ.